ಇನ್ನೂರು ವೆಬ್‌ಸೈಟ್‌ಗಳಲ್ಲಿ ಬಂದಿದೆ ಅಂದ ಮೇಲೆ ನಿಜ ಇರಲೇಬೇಕಾ? ಪ್ರೆಸ್ ನೋಟ್ ಸುದ್ದಿಯಾಗಿ ನಿಮ್ಮ ಫೋನ್‌ಗೆ ಬರುವ ದಾರಿ

2024ರ ನವೆಂಬರ್‌ನಲ್ಲಿ ಇಳಕಲ್ ಪಟ್ಟಣದಿಂದ ಹೊರಟ ಒಂದು ಸುದ್ದಿ ನೋಡನೋಡುತ್ತಿದ್ದಂತೆ ದೇಶವನ್ನೆಲ್ಲ ಸುತ್ತಿತು. ಕೊರಿಯರ್‌ನಲ್ಲಿ ಬಂದ ಹೇರ್ ಡ್ರೈಯರ್‌ಗೆ ಸ್ವಿಚ್ ಹಾಕಿದ ಕೂಡಲೇ ಅದು ಸ್ಫೋಟಿಸಿ, ಮಹಿಳೆಯೊಬ್ಬರ ಎರಡೂ ಕೈಗಳಿಗೆ ಭೀಕರ ಗಾಯವಾಗಿ ಬೆರಳುಗಳೇ ಹೋದವು. ಆರಂಭದ ವರದಿಗಳಲ್ಲಿ ಇದ್ದದ್ದು ಇಷ್ಟು: ಹೇರ್ ಡ್ರೈಯರ್ ಸ್ಫೋಟ, ಶಾರ್ಟ್ ಸರ್ಕ್ಯೂಟ್ ಶಂಕೆ. ಹೇರ್ ಡ್ರೈಯರ್ ಇರುವ ಪ್ರತಿ ಮನೆಗೂ ಸಂಬಂಧಿಸಿದ ಸುದ್ದಿ ಅದು. ಓದಿದವರು ತಂಗಿಗೆ, ಗೆಳತಿಗೆ, ಹಾಸ್ಟೆಲಿನಲ್ಲಿರುವ ಮಗಳಿಗೆ ಕಳಿಸದೆ ಇರುತ್ತಾರೆಯೇ?

ಕೆಲವು ದಿನಗಳ ನಂತರ ಪೊಲೀಸರು ಹೇಳಿದ ವಿಷಯವೇ ಬೇರೆ. ಹೇರ್ ಡ್ರೈಯರ್‌ನ ಒಳಗೆ ಡಿಟೋನೇಟರ್ ಇಡಲಾಗಿತ್ತು. ಪಾರ್ಸೆಲ್ ಬಂದದ್ದು ಗಾಯಗೊಂಡ ಮಹಿಳೆಯ ಹೆಸರಿಗಲ್ಲ, ಅವರ ಗೆಳತಿಯ ಹೆಸರಿಗೆ. ಗೆಳತಿಯನ್ನು ಕೊಲ್ಲಲು ಮಾಡಿದ ಸಂಚು ಇದು ಎಂದು ಹೇಳಿ, ಗ್ರಾನೈಟ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬನನ್ನು ಬಂಧಿಸಿದರು. ಇಳಕಲ್ ಸೀರೆಗೆ ಎಷ್ಟು ಹೆಸರುವಾಸಿಯೋ ಕೆಂಪು ಗ್ರಾನೈಟಿಗೂ ಅಷ್ಟೇ ಹೆಸರುವಾಸಿ. ಕಲ್ಲು ಸಿಡಿಸುವ ಕಡೆ ಡಿಟೋನೇಟರ್ ಎಂಬುದು ಅಪರೂಪದ ವಸ್ತುವೇನಲ್ಲ.

ಹೇರ್ ಡ್ರೈಯರ್‌ನೊಳಗೆ ಏನಿರುತ್ತದೆ ಎಂದು ಒಂದು ನಿಮಿಷ ಯೋಚಿಸಿದ್ದರೂ ಮೊದಲ ಸುದ್ದಿಯ ಬಗ್ಗೆ ಅನುಮಾನ ಬರುತ್ತಿತ್ತು. ಅದರಲ್ಲಿ ಕಾಯುವ ತಂತಿಯ ಸುರುಳಿ ಇದೆ, ಸಣ್ಣ ಫ್ಯಾನ್ ಇದೆ, ಫ್ಯಾನ್ ತಿರುಗಿಸುವ ಮೋಟರ್ ಇದೆ. ಶಾರ್ಟ್ ಸರ್ಕ್ಯೂಟ್ ಆದರೆ ಕಿಡಿ ಹಾರಬಹುದು, ಪ್ಲಾಸ್ಟಿಕ್ ಕರಗಬಹುದು, ಬೆಂಕಿ ಹತ್ತಬಹುದು, ಶಾಕ್ ಹೊಡೆದು ಜೀವಕ್ಕೇ ಅಪಾಯವಾಗಬಹುದು. ಪ್ಲಗ್ಗಿನ ಸಾಮರ್ಥ್ಯ ಸಾಲದಿದ್ದರೆ ವೈರ್ ಬಿಸಿಯಾಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಬೆರಳು ತುಂಡರಿಸುವಷ್ಟು ಜೋರಾಗಿ ಸಿಡಿಯಲು ಒಳಗೆ ಸಿಡಿಯುವ ವಸ್ತುವೊಂದು ಬೇಕಲ್ಲ? ಸಾದಾ ಹೇರ್ ಡ್ರೈಯರ್‌ನಲ್ಲಿ ಅಂಥದ್ದೇನೂ ಇರುವುದಿಲ್ಲ. (ಬ್ಯಾಟರಿ ಇರುವ, ವೈರಿಲ್ಲದ ಸಾಧನಗಳ ಕಥೆ ಬೇರೆ.) ಈ ಪ್ರಶ್ನೆಯನ್ನು ಎಲೆಕ್ಟ್ರಿಷಿಯನ್ ಒಬ್ಬರಿಗೆ ಕೇಳಿದ್ದರೂ ಸಾಕಿತ್ತು.

ಇದರಲ್ಲಿ ವರದಿಗಾರರದೇ ತಪ್ಪು ಎಂದು ಸುಲಭವಾಗಿ ಹೇಳಲು ನಾವು ತಯಾರಿಲ್ಲ. ಘಟನೆ ನಡೆದ ದಿನ ಅವರ ಕೈಗೆ ಸಿಗುವುದು ಆರಂಭಿಕ ಮಾಹಿತಿ ಮಾತ್ರ. ನಿಜವಾದ ಪ್ರಶ್ನೆ ಬೇರೆ ಇದೆ. ಒಂದು ಕಡೆಯಿಂದ ಹೊರಟ ಒಂದೇ ಮಾಹಿತಿ ನೂರಾರು ಕಡೆ ಅಚ್ಚಾಗುತ್ತದೆ. ಅದನ್ನು ಓದುವ ನಾವು ಅದು ನೂರಾರು ಕಡೆ ಪರಿಶೀಲನೆಯಾಗಿದೆ ಎಂದು ಅಂದುಕೊಳ್ಳುತ್ತೇವೆ. ಈ ತಪ್ಪು ತಿಳಿವಳಿಕೆಯ ಮೇಲೆಯೇ ಒಂದು ದೊಡ್ಡ ವ್ಯಾಪಾರ ನಿಂತಿದೆ. ಆ ವ್ಯಾಪಾರದ ಸರಕಿನ ಹೆಸರು ಪತ್ರಿಕಾ ಪ್ರಕಟಣೆ, ನಮ್ಮ ಊರುಗಳ ಮಾತಿನಲ್ಲಿ ಪ್ರೆಸ್ ನೋಟ್.

‘ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’

ಪ್ರೆಸ್ ನೋಟ್ ಎಂದರೆ ಸುದ್ದಿಯಾಗಬೇಕೆಂದು ಬಯಸುವವರು ತಾವೇ ಬರೆದು ಮಾಧ್ಯಮಗಳಿಗೆ ಕೊಡುವ ಬರಹ. ಸರ್ಕಾರಿ ಇಲಾಖೆ, ಕಾಲೇಜು, ಆಸ್ಪತ್ರೆ, ಸಂಘ, ಕಂಪನಿ, ಮಠ, ರಾಜಕೀಯ ಪಕ್ಷ, ಯಾರು ಬೇಕಾದರೂ ಕೊಡಬಹುದು. ಇಂದಿನ ರೂಪದ ಮೊದಲ ಪ್ರೆಸ್ ನೋಟ್ ಎಂದು ಸಾಮಾನ್ಯವಾಗಿ ಹೇಳುವುದು 1906ರದ್ದನ್ನು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಹತ್ತಿರ ರೈಲು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಕಂಪನಿಯ ಪರವಾಗಿ ಐವಿ ಲೀ ಎಂಬಾತ ಹೇಳಿಕೆಯೊಂದನ್ನು ಬರೆದು ಪತ್ರಕರ್ತರಿಗೆ ಹಂಚಿದ. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೆಯೇ ಅಚ್ಚು ಹಾಕಿತು. ಸುದ್ದಿ ಹೊರಬರುವ ಮೊದಲೇ ತಮ್ಮ ಕಡೆಯ ಮಾತನ್ನು ತಾವೇ ಹೇಳಿಬಿಟ್ಟರೆ ಗಾಳಿಮಾತಿಗೆ ಜಾಗ ಇರುವುದಿಲ್ಲ ಎಂಬುದು ಆತನ ಲೆಕ್ಕ. ಪ್ರೆಸ್ ನೋಟ್‌ನ ಉಪಯೋಗವೂ ಅಪಾಯವೂ ಆ ಮೊದಲ ದಿನದಿಂದಲೇ ಜೊತೆಗಿವೆ.

ಪ್ರೆಸ್ ನೋಟ್ ಕೆಟ್ಟದ್ದಲ್ಲ. ನೀರು ಬಿಡುವ ಸಮಯ, ಕರೆಂಟ್ ಇಲ್ಲದ ದಿನ, ಲಸಿಕಾ ಶಿಬಿರ, ಅರ್ಜಿಯ ಕೊನೆಯ ದಿನಾಂಕ, ಇವೆಲ್ಲ ನಮಗೆ ತಿಳಿಯುವುದೇ ಅದರಿಂದ. ಜಿಲ್ಲಾ ಪುಟವೊಂದನ್ನು ಗಮನವಿಟ್ಟು ಓದಿದರೆ ಪ್ರೆಸ್ ನೋಟ್ ಗುರುತಿಸುವುದು ಕಷ್ಟವೇನಲ್ಲ. ಕನ್ನಡ ಪತ್ರಿಕೆಗಳು ಆ ಗುರುತನ್ನು ಬಹಿರಂಗವಾಗಿಯೇ ಇಟ್ಟಿರುತ್ತವೆ. ಬಾಗಲಕೋಟೆ ಎಂಬ ಊರ ಹೆಸರಿನ ಪಕ್ಕದಲ್ಲಿ ‘ಕರ್ನಾಟಕ ವಾರ್ತೆ’ ಎಂದಿದ್ದರೆ ಅದು ವಾರ್ತಾ ಇಲಾಖೆಯಿಂದ ಬಂದದ್ದು. ಕೊನೆಯ ಸಾಲು ‘ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂದು ಮುಗಿದರೆ ಅದು ಒಬ್ಬರು ಬರೆದುಕೊಟ್ಟದ್ದು. ‘ಸುದ್ದಿಗೋಷ್ಠಿಯಲ್ಲಿ ಹೇಳಿದರು’ ಎಂದಿದ್ದರೆ ಪತ್ರಕರ್ತರು ಎದುರು ಕುಳಿತಿದ್ದರು, ಪ್ರಶ್ನೆ ಕೇಳಲು ಅವಕಾಶವಾದರೂ ಇತ್ತು. ‘ಸ್ಥಳಕ್ಕೆ ಭೇಟಿ ನೀಡಿದಾಗ ಕಂಡುಬಂತು’ ಎಂದಿದ್ದರೆ ಮಾತ್ರ ವರದಿಗಾರರು ಕಣ್ಣಾರೆ ನೋಡಿದ್ದಾರೆ ಎಂದು ಅರ್ಥ. ಈ ನಾಲ್ಕು ವಾಕ್ಯಗಳ ತೂಕ ಒಂದೇ ಅಲ್ಲ. ತೊಂದರೆಯೆಂದರೆ, ಸುದ್ದಿಯ ತುಣುಕು ಕತ್ತರಿಸಿ ವಾಟ್ಸಾಪ್‌ಗೆ ಹಾಕುವಾಗ ಮೊದಲು ಬಿದ್ದುಹೋಗುವುದೇ ಆ ಕೊನೆಯ ಸಾಲು.

ಒಂದೇ ಬಾವಿ, ಇನ್ನೂರು ಕೊಡ

ಹಣ ಕೊಟ್ಟರೆ ಪ್ರೆಸ್ ನೋಟನ್ನು ನೂರಾರು ವೆಬ್‌ಸೈಟ್‌ಗಳಿಗೆ ಹಂಚುವ ಕಂಪನಿಗಳಿವೆ. ಅವು ಪ್ಯಾಕೇಜ್ ಮಾರುತ್ತವೆ: ಇಷ್ಟು ಹಣಕ್ಕೆ ಇಷ್ಟು ಸೈಟ್, ಇಷ್ಟು ಕೋಟಿ ‘ರೀಚ್’. ಸುದ್ದಿಸಂಸ್ಥೆಗಳ ವೆಬ್‌ಸೈಟ್‌ಗಳಲ್ಲೂ ಇಂಥ ಪ್ರಕಟಣೆಗಳಿಗೆ ಪ್ರತ್ಯೇಕ ವಿಭಾಗವಿರುತ್ತದೆ. ಪಿಟಿಐ, ಎಎನ್‌ಐ ಮೂಲಕ ಬರುವ ಇಂತಹ ಪ್ರಕಟಣೆಯ ತಳದಲ್ಲಿ ಒಂದು ಟಿಪ್ಪಣಿ ಇರುತ್ತದೆ. ಇದು ಬೇರೆಯವರು ಕೊಟ್ಟ ಪ್ರಕಟಣೆ, ಇದರ ವಿಷಯಕ್ಕೆ ಸಂಪಾದಕೀಯವಾಗಿ ನಾವು ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಫೋನಿನಲ್ಲಿ ಅಲ್ಲಿಯವರೆಗೆ ಸ್ಕ್ರೋಲ್ ಮಾಡುವವರು ಎಷ್ಟು ಮಂದಿ? ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ಮೇಲಿನ ಲೋಗೊ ಮತ್ತು ಶೀರ್ಷಿಕೆ. ಕಂಪನಿಗೆ ಬೇಕಾದದ್ದೂ ಅಷ್ಟೇ. ಆ ಲೋಗೊಗಳನ್ನೇ ಜೋಡಿಸಿ ತನ್ನ ಪುಟದಲ್ಲಿ ‘ನಮ್ಮ ಬಗ್ಗೆ ಮಾಧ್ಯಮಗಳು’ ಎಂದು ಹಾಕಿಕೊಳ್ಳುತ್ತದೆ.

‘ರೀಚ್’ ಎಂಬ ಸಂಖ್ಯೆಯ ಲೆಕ್ಕವೂ ತಿಳಿದಿರಲಿ. ಬಾಗಲಕೋಟೆ ಬಸ್ ನಿಲ್ದಾಣದ ಮೂಲೆಯ ಕಂಬಕ್ಕೆ ಒಂದು ಚೀಟಿ ಅಂಟಿಸಿ, ಆ ತಿಂಗಳು ನಿಲ್ದಾಣಕ್ಕೆ ಬಂದುಹೋದವರೆಲ್ಲ ನನ್ನ ಚೀಟಿ ಓದಿದರು ಎಂದು ಹೇಳಿದರೆ ಹೇಗಿರುತ್ತದೆ? ಸಂಭಾವ್ಯ ರೀಚ್ ಎಂದು ತೋರಿಸುವ ಕೋಟಿಗಳು ಬಹುತೇಕ ಹೀಗೆಯೇ ಹುಟ್ಟುತ್ತವೆ. ಪ್ರಕಟಣೆ ಹಾಕಿದ ಸೈಟ್‌ಗಳಿಗೆ ಬರುವ ಎಲ್ಲ ಓದುಗರನ್ನೂ ಕೂಡಿಸಿಬಿಡುತ್ತಾರೆ. ಆ ಪುಟವನ್ನು ತೆರೆದವರು ಎಷ್ಟು, ಕೊನೆಯವರೆಗೆ ಓದಿದವರು ಎಷ್ಟು ಎಂಬುದು ಬೇರೆಯದೇ ಲೆಕ್ಕ.

ಹಾಗಾದರೆ ದುಡ್ಡು ಸುರಿಯುವವರು ದಡ್ಡರೇ? ಅಲ್ಲ. ಅವರಿಗೆ ಬೇಕಾದದ್ದು ಎಷ್ಟೋ ಸಲ ಓದುಗರಲ್ಲ, ಹುಡುಕಾಟದಲ್ಲಿ ಸಿಗುವ ಸಾಕ್ಷಿ. ನೀವು ಉತ್ಪನ್ನದ ಹೆಸರನ್ನು ಗೂಗಲ್‌ನಲ್ಲಿ ಹಾಕಿದಾಗ ಹತ್ತು ಸುದ್ದಿಪುಟ ಕಾಣಬೇಕು, ನಿಮ್ಮ ಅನುಮಾನ ಹೋಗಬೇಕು. ಪ್ರಕಟಣೆಗಳೊಳಗೆ ಲಿಂಕ್ ತುರುಕಿ ಸ್ಥಾನ ಮೇಲೇರಿಸಿಕೊಳ್ಳುವ ತಂತ್ರವನ್ನು ಗೂಗಲ್ 2013ರಲ್ಲೇ ತನ್ನ ನಿಯಮಗಳಿಗೆ ವಿರುದ್ಧ ಎಂದಿತು.

ಒಂದೇ ಬಾವಿಯ ನೀರೇ ಎಂದು ಪತ್ತೆ ಮಾಡಲು ಸುಲಭ ಉಪಾಯವಿದೆ. ಸುದ್ದಿಯಿಂದ ಒಂದು ಇಡೀ ವಾಕ್ಯವನ್ನು ನಕಲಿಸಿ ಹುಡುಕಿ. ಹತ್ತು ಸೈಟ್‌ಗಳಲ್ಲಿ ಅಕ್ಷರವೂ ಬದಲಾಗದೆ ಅದೇ ವಾಕ್ಯ, ಅದೇ ವ್ಯಕ್ತಿಯ ಅದೇ ಹೇಳಿಕೆ, ಅದೇ ಕಾಗುಣಿತ ತಪ್ಪು ಸಿಕ್ಕರೆ ನಿಮ್ಮ ಮುಂದಿರುವುದು ಹತ್ತು ಸಾಕ್ಷಿ ಅಲ್ಲ, ಒಂದೇ.

ಚಾಕೊಲೇಟ್ ತಿಂದು ತೂಕ ಇಳಿಸಿದ ಕಥೆ

ಆರೋಗ್ಯದ ಸುದ್ದಿಗಳಲ್ಲಿ ಇದರ ಪರಿಣಾಮ ನೇರವಾಗಿ ಹೊಟ್ಟೆಗೆ, ಜೇಬಿಗೆ ತಾಗುತ್ತದೆ. ವಿಜ್ಞಾನ ಪತ್ರಕರ್ತ ಜಾನ್ ಬೊಹಾನನ್ ಮತ್ತು ಜರ್ಮನಿಯ ಇಬ್ಬರು ಪತ್ರಕರ್ತರು 2015ರಲ್ಲಿ ಇದನ್ನು ಪರೀಕ್ಷಿಸಿಯೇ ಬಿಟ್ಟರು. ಕೇವಲ 15 ಜನರನ್ನು ಮೂರು ಗುಂಪು ಮಾಡಿದರು. ಅದರಲ್ಲಿ ಒಂದು ಗುಂಪಿಗೆ ಪಥ್ಯದ ಜೊತೆ ದಿನಾಲು ಡಾರ್ಕ್ ಚಾಕೊಲೇಟ್ ಕೊಟ್ಟರು. ತೂಕ, ಕೊಲೆಸ್ಟ್ರಾಲ್, ನಿದ್ರೆ ಎಂದು 18 ಬಗೆಯ ಅಳತೆ ತೆಗೆದರು. ಇಷ್ಟು ಕಡಿಮೆ ಜನ, ಇಷ್ಟು ಹೆಚ್ಚು ಅಳತೆ ಇದ್ದರೆ ಯಾವುದಾದರೂ ಒಂದರಲ್ಲಿ ಅದೃಷ್ಟದಿಂದಲೇ ವ್ಯತ್ಯಾಸ ಕಾಣಿಸುತ್ತದೆ. ಹದಿನೆಂಟು ಲಾಟರಿ ಟಿಕೆಟ್ ಕೊಂಡವನಿಗೆ ಒಂದಾದರೂ ಹೊಡೆದಂತೆ. ತೂಕದ ಟಿಕೆಟ್ ಹೊಡೆಯಿತು. ದುಡ್ಡು ಕೊಟ್ಟರೆ ಹಾಕುವ ಜರ್ನಲ್‌ನಲ್ಲಿ ಪ್ರಬಂಧ ಹಾಕಿಸಿ, ಚಂದದ ಪ್ರೆಸ್ ನೋಟ್ ಬರೆದು ಬಿಟ್ಟರು. ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಸುದ್ದಿ ಜರ್ಮನಿಯ ದೊಡ್ಡ ಪತ್ರಿಕೆ ಬಿಲ್ಡ್‌ನಿಂದ ಹಿಡಿದು ಹಲವು ದೇಶಗಳಲ್ಲಿ ಬಂತು. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದಿರಿ ಎಂದು ಕೇಳಿದವರೇ ಇರಲಿಲ್ಲ ಎನ್ನುವಷ್ಟು ಕಡಿಮೆ. ಆಮೇಲೆ ಅವರೇ ಗುಟ್ಟು ಬಿಚ್ಚಿದರು. ನಮ್ಮ ಕಡೆಯ ಪಪ್ಪಾಯಿ ಎಲೆ, ಜೀರಿಗೆ ನೀರಿನ ಫಾರ್ವರ್ಡ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇದು ಬೇಕೆಂದೇ ಮಾಡಿದ ನಾಟಕ. ಪ್ರಾಮಾಣಿಕ ವಿಶ್ವವಿದ್ಯಾಲಯಗಳ ಪ್ರೆಸ್ ನೋಟ್ ಹೇಗಿರುತ್ತದೆ? ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 20 ಪ್ರಮುಖ ವಿಶ್ವವಿದ್ಯಾಲಯಗಳು ಹೊರಡಿಸಿದ 462 ಆರೋಗ್ಯ ಪ್ರಕಟಣೆಗಳನ್ನು ಮೂಲ ಸಂಶೋಧನೆ ಮತ್ತು ಸುದ್ದಿಗಳ ಜೊತೆ ತಾಳೆ ನೋಡಿದರು. ಫಲಿತಾಂಶ 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 40 ಪ್ರತಿಶತ ಪ್ರಕಟಣೆಗಳಲ್ಲಿ ಓದುಗರಿಗೆ ಕೊಡುವ ಸಲಹೆ ಮೂಲ ಸಂಶೋಧನೆಗಿಂತ ಉಬ್ಬಿತ್ತು. 36 ಪ್ರತಿಶತದಲ್ಲಿ ಇಲಿಯಂತಹ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿ ಬರೆಯಲಾಗಿತ್ತು. ಪ್ರಕಟಣೆಯಲ್ಲಿ ಈ ಹಿಗ್ಗಿಸುವಿಕೆ ಇದ್ದಾಗ 86 ಪ್ರತಿಶತ ಸುದ್ದಿಗಳಲ್ಲೂ ಅದು ಬಂತು. ಪ್ರಕಟಣೆಯಲ್ಲಿ ಇಲ್ಲದಿದ್ದಾಗ ಬಂದದ್ದು 10 ಪ್ರತಿಶತದಲ್ಲಿ. ಅಂದರೆ ಮಾಧ್ಯಮದವರು ಉಪ್ಪು ಖಾರ ಹಚ್ಚಿದರು ಎಂದು ನಾವು ಬೈಯುವ ಎಷ್ಟೋ ಸಂದರ್ಭಗಳಲ್ಲಿ ಖಾರ ಅರೆದು ಕಳಿಸಿದ್ದು ಮೂಲ ಸಂಸ್ಥೆಯೇ.

ಅದೇ ಅಧ್ಯಯನದಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಅಂಶ. ಉಬ್ಬಿಸಿ ಬರೆದ ಪ್ರಕಟಣೆಗಳಿಗೆ ಹೆಚ್ಚು ಪ್ರಚಾರ ಸಿಕ್ಕಿತು ಎನ್ನಲು ಸರಿಯಾದ ಪುರಾವೆ ಸಿಗಲಿಲ್ಲ. ಸುಳ್ಳು ಸೇರಿಸಿದರೂ ಲಾಭವೇ ಇಲ್ಲ ಎಂದಾದರೆ ಸೇರಿಸುವುದು ಯಾಕೆ?

ನಮ್ಮ ದೇಶದ ಉದಾಹರಣೆ ಎಲ್ಲರಿಗೂ ನೆನಪಿರಬೇಕು. 2020ರ ಜೂನ್ 23ರಂದು ಹರಿದ್ವಾರದಲ್ಲಿ ಪತಂಜಲಿ ಸಂಸ್ಥೆ ಕೊರೊನಿಲ್ ಬಿಡುಗಡೆ ಮಾಡಿ, ಏಳು ದಿನದಲ್ಲಿ ಕೋವಿಡ್ ಪೂರ್ತಿ ಗುಣವಾಗುತ್ತದೆ ಎಂದು ಹೇಳಿಕೊಂಡಿತು. ಅದೇ ದಿನ ಆಯುಷ್ ಸಚಿವಾಲಯ ಪರಿಶೀಲನೆ ಆಗುವವರೆಗೆ ಇಂಥ ಪ್ರಚಾರ ನಿಲ್ಲಿಸಿ ಎಂದಿತು. 2021ರ ಫೆಬ್ರವರಿಯ ಕಾರ್ಯಕ್ರಮದ ನಂತರ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ತಳುಕು ಹಾಕಿಕೊಂಡು ಸುದ್ದಿ ಓಡಿತು. ಕೋವಿಡ್‌ಗೆ ಯಾವುದೇ ಸಾಂಪ್ರದಾಯಿಕ ಔಷಧಿಯನ್ನು ತಾನು ಪರಿಶೀಲಿಸಿಲ್ಲ, ಪ್ರಮಾಣೀಕರಿಸಿಲ್ಲ ಎಂದು ಆ ಸಂಸ್ಥೆಯೇ ಟ್ವೀಟ್ ಮಾಡಬೇಕಾಯಿತು. ದೊಡ್ಡ ಸಂಸ್ಥೆಯೊಂದರ ಹೆಸರು ವಾಕ್ಯದಲ್ಲಿ ಎಲ್ಲೋ ಒಂದು ಕಡೆ ಇದ್ದರೆ ಸಾಕು, ಓದುವವರು ಅದನ್ನು ಒಪ್ಪಿಗೆ ಎಂದು ಓದಿಕೊಳ್ಳುತ್ತಾರೆ.

ಯುನೆಸ್ಕೊ ಹೆಸರಿಗೂ ಇದೇ ಗತಿ. ‘ಜನ ಗಣ ಮನ’ವನ್ನು ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆ ಎಂದು ಯುನೆಸ್ಕೊ ಘೋಷಿಸಿದೆ ಎಂಬ ಸುಳ್ಳು ಫಾರ್ವರ್ಡ್ ಪ್ರತಿ ಆಗಸ್ಟ್‌ನಲ್ಲಿ ಮರುಹುಟ್ಟು ಪಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಇದರ ಸೌಮ್ಯ ರೂಪ ನೋಡಬಹುದು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಾದಾಮಿ ಮತ್ತು ಹುನಗುಂದ ತಾಲ್ಲೂಕಿನ ಐಹೊಳೆ ಆ ಪಟ್ಟಿಯಲ್ಲಿಲ್ಲ. ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಸೇರಿಸಿ ಕಳಿಸಿದ ಪ್ರಸ್ತಾವ 2015ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿತು. ತಾತ್ಕಾಲಿಕ ಪಟ್ಟಿ ಎಂದರೆ ಮುಂದೆ ನಾಮನಿರ್ದೇಶನ ಮಾಡಬಹುದು ಎಂದು ದೇಶವೊಂದು ತಾನೇ ಕೊಡುವ ಪಟ್ಟಿ. ಅದು ಅರ್ಜಿ ಹಾಕುವುದಕ್ಕಿಂತ ಮುಂಚಿನ ಹೆಜ್ಜೆ. ಹೋಟೆಲ್, ಟೂರ್ ಪ್ಯಾಕೇಜ್‌ನವರ ಪ್ರಕಟಣೆಯಲ್ಲಿ ‘ತಾತ್ಕಾಲಿಕ’ ಎಂಬ ಒಂದೇ ಪದ ಬಿಟ್ಟುಹೋದರೆ ಅರ್ಥವೇ ತಲೆಕೆಳಗು. ಊರ ಅಭಿಮಾನದ ಸುದ್ದಿಯನ್ನು ಯಾರೂ ಎರಡನೇ ಸಲ ಓದುವುದಿಲ್ಲ, ಒತ್ತುವುದು ಶೇರ್ ಬಟನ್ ಮಾತ್ರ.

ಫಾರ್ವರ್ಡ್ ಓಡುತ್ತದೆ, ತಿದ್ದುಪಡಿ ನಡೆಯುತ್ತದೆ

ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಹಾದಿ ಹಿಡಿದು ನೋಡಿ, 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ನಿಜ ಸುದ್ದಿಗಿಂತ 70 ಪ್ರತಿಶತ ಹೆಚ್ಚಿತ್ತು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಹಿಡಿಯಿತು. ಇದನ್ನು ಮಾಡಿದ್ದು ರೋಬೋ ಖಾತೆಗಳಲ್ಲ, ಮನುಷ್ಯರೇ. ಸುಳ್ಳು ಹೊಸದಾಗಿ ಕಾಣುತ್ತದೆ, ಅಚ್ಚರಿ ಹುಟ್ಟಿಸುತ್ತದೆ.

ಇಳಕಲ್ ಪ್ರಕರಣದ ಎರಡನೇ ಸುದ್ದಿಯೂ ಚೆನ್ನಾಗಿಯೇ ಹರಡಿತು, ಅದರಲ್ಲಿ ಸಂಚಿನ ಕುತೂಹಲ ಇತ್ತಲ್ಲ. ಆದರೆ ಮೊದಲನೆಯದನ್ನು ಓದಿದವರಿಗೇ ಎರಡನೆಯದು ತಲುಪಬೇಕು ಎಂಬ ನಿಯಮ ಎಲ್ಲೂ ಇಲ್ಲ. ಮೊದಲ ದಿನದ ಪುಟಗಳು ಇಂದಿಗೂ ಇಂಟರ್‌ನೆಟ್‌ನಲ್ಲಿವೆ. ಹುಡುಕಿದವರಿಗೆ ಯಾವುದು ಮೊದಲು ಸಿಗುತ್ತದೆಯೋ ಅವರಿಗೆ ಅದೇ ಸತ್ಯ.

ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ ಎರಡು ಬಾಣದ ಗುರುತು ಬಿದ್ದ, ಅಂದರೆ ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥ ಸಂದೇಶಗಳ ಓಡಾಟ 70 ಪ್ರತಿಶತ ಇಳಿಯಿತು ಎಂದು ಕಂಪನಿ ಹೇಳಿತು. (ಇದೂ ಕಂಪನಿಯ ಹೇಳಿಕೆಯೇ, ಹಾಗೆಂದೇ ಓದಿ.) ಎರಡು ಬಾಣ ಕಂಡರೆ ಸುಳ್ಳು ಎಂದರ್ಥವಲ್ಲ, ನಿಮಗೆ ಕಳಿಸಿದವರು ಅದನ್ನು ಬರೆದವರಲ್ಲ ಎಂದಷ್ಟೇ ಅರ್ಥ. ಚಿಕ್ಕಪ್ಪ ಕಳಿಸಿದ್ದು ಎಂಬ ನಂಬಿಕೆ ಚಿಕ್ಕಪ್ಪನ ಮೇಲಿರಲಿ. ಸುದ್ದಿಯನ್ನು ನೋಡಿದವರು ಯಾರು, ಹೇಳಿದವರು ಯಾರು, ಇದರಿಂದ ಯಾರಿಗೆ ಲಾಭ ಎಂದು ಮೂಲದಲ್ಲೇ ಹುಡುಕಬೇಕು.

ನೇಕಾರರ ಸುದ್ದಿ ತಲುಪುವುದು ಹೇಗೆ?

ಇಷ್ಟೆಲ್ಲ ಓದಿದ ಮೇಲೆ ಪ್ರೆಸ್ ನೋಟ್ ಎಂದರೆ ದೂರ ಸರಿಯಬೇಕು ಎನಿಸಿದರೆ ಅದರಿಂದ ನಷ್ಟ ನಮ್ಮೂರಿನವರಿಗೇ. ಪ್ಯಾಕೇಜ್ ಕೊಳ್ಳುವ ಶಕ್ತಿ ಇರುವ ದೊಡ್ಡ ಕಂಪನಿಯ ಮಾತು ಹೇಗೂ ತಲುಪುತ್ತದೆ. ಇಳಕಲ್ಲಿನ ಕೈಮಗ್ಗದ ನೇಕಾರರ ಸಂಘದ ಮಾತು ತಲುಪಲು ಪ್ರೆಸ್ ನೋಟ್ ಒಂದೇ ದಾರಿ, ಅದೂ ಬಿಟ್ಟಿ. ಅವರಿಗೆ ಹೇಳಲು ವಿಷಯವೂ ಇದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ಹೀಗಿದ್ದೂ ಪವರ್‌ಲೂಮ್ ಸೀರೆಗಳು ಅದೇ ಹೆಸರಲ್ಲಿ ಆನ್‌ಲೈನ್‌ನಲ್ಲಿ ಮಾರಾಟವಾಗುತ್ತವೆ. ಜಿಐ ಹೇಳುವುದು ಹೆಸರಿಗೂ ಊರಿಗೂ ಇರುವ ನಂಟನ್ನು. ನಿಮ್ಮ ಕೈಯಲ್ಲಿರುವ ಒಂದೊಂದು ಸೀರೆಯನ್ನೂ ಯಾರೋ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ ಎಂದಲ್ಲ. ಕೈಮಗ್ಗದ್ದು ಎಂಬುದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಬೇರೆ ಗುರುತಿದೆ.

ಇದನ್ನು ಹೇಳುವ ಪ್ರಕಟಣೆ ‘ವಿಶ್ವವಿಖ್ಯಾತ, ಅದ್ಭುತ, ಸರಿಸಾಟಿಯಿಲ್ಲದ ಇಳಕಲ್ ಸೀರೆ’ ಎಂದು ಶುರುವಾದರೆ ಸುದ್ದಿಮನೆಯಲ್ಲಿ ಮೊದಲ ಸಾಲಿನಲ್ಲೇ ಬದಿಗೆ ಹೋಗುತ್ತದೆ. ಬದಲಿಗೆ, ಈ ಭಾನುವಾರ ಬೆಳಿಗ್ಗೆ ಇಷ್ಟು ಗಂಟೆಗೆ, ಇಂಥ ಓಣಿಯಲ್ಲಿ, ಕೊಂಡಿ ಹಾಕುವುದನ್ನು ತೋರಿಸುತ್ತೇವೆ ಎಂದು ಬರೆಯಿರಿ. ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆಗಳಿಂದ ಒಂದೊಂದಾಗಿ ಜೋಡಿಸುವ ಆ ಕೆಲಸ ಕಣ್ಣಿಗೆ ಹಬ್ಬ, ವಿಡಿಯೊಕ್ಕೂ ಒಗ್ಗುತ್ತದೆ. ಎಷ್ಟು ಮಗ್ಗ ನಡೆಯುತ್ತಿವೆ, ಎಷ್ಟು ನಿಂತಿವೆ ಎಂಬ ಲೆಕ್ಕವನ್ನು ಸಂಘದ ದಾಖಲೆಯಿಂದ ಕೊಡಿ. ಕರೆ ಮಾಡಿದರೆ ಎತ್ತುವ ಫೋನ್ ನಂಬರ್ ಇರಲಿ. ಫೋಟೊ ಅಡ್ಡವಾಗಿರಲಿ, ಅದರಲ್ಲಿ ಎಡದಿಂದ ಯಾರಿದ್ದಾರೆ ಎಂದು ಬರೆದಿರಲಿ. ಪುಟ ಮುಗಿಯುವ ಹೊತ್ತಿನ ರಾತ್ರಿ ಕಳಿಸಿದರೆ ಪ್ರಯೋಜನವಿಲ್ಲ, ಮಧ್ಯಾಹ್ನದೊಳಗೆ ಕಳಿಸಿ.

ಕನ್ನಡದ ಪ್ರಕಟಣೆಗಳು ಆನ್‌ಲೈನ್‌ನಲ್ಲಿ ಸೋಲುವ ಇನ್ನೊಂದು ಜಾಗವಿದೆ, ಅದನ್ನು ಪಿಆರ್ ಪುಸ್ತಕಗಳು ಹೇಳುವುದಿಲ್ಲ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹ ಬೇರೆಯವರ ಫೋನಿನಲ್ಲಿ ಅರ್ಥವಾಗದ ಅಕ್ಷರಗಳ ಗುಡ್ಡೆಯಾಗಿ ತೆರೆದುಕೊಳ್ಳುತ್ತದೆ. ಅದಕ್ಕೆ ಹೆದರಿ ಲೆಟರ್‌ಹೆಡ್ಡಿನ ಫೋಟೊ ತೆಗೆದು ಗ್ರೂಪ್‌ಗೆ ಹಾಕುತ್ತಾರೆ. ಆ ಫೋಟೊದಿಂದ ವರದಿಗಾರರು ಮತ್ತೆ ಟೈಪ್ ಮಾಡಬೇಕು, ಮಾಡುವಾಗ ಹೆಸರು ತಪ್ಪುತ್ತದೆ, ಸಂಖ್ಯೆ ತಪ್ಪುತ್ತದೆ. ಫೋಟೊದಲ್ಲಿರುವ ಅಕ್ಷರ ಗೂಗಲ್ ಹುಡುಕಾಟದಲ್ಲಿ ಸಿಗುವುದೂ ಕಷ್ಟ. ಯುನಿಕೋಡ್‌ನಲ್ಲಿ, ಅಂದರೆ ನಾವು ವಾಟ್ಸಾಪ್‌ನಲ್ಲಿ ದಿನಾ ಟೈಪ್ ಮಾಡುವ ಹಾಗೆಯೇ ಬರೆದು ಕಳಿಸಿದರೆ ಸಾಕು. ನಕಲಿಸಬಹುದು, ಹುಡುಕಬಹುದು, ಬೇರೆ ಭಾಷೆಗೆ ಯಂತ್ರದಿಂದ ಅನುವಾದವೂ ಆಗುತ್ತದೆ.

ವಿಷಯ ಪೂರ್ತಿ ಗೊತ್ತಿಲ್ಲದಿದ್ದರೆ ಅದನ್ನೂ ಪ್ರಕಟಣೆಯಲ್ಲೇ ಹೇಳಬೇಕು. ಅವಘಡವೊಂದರ ಮೊದಲ ದಿನ ‘ಕಾರಣ ಇನ್ನೂ ಖಚಿತವಾಗಿಲ್ಲ, ತಜ್ಞರ ಪರಿಶೀಲನೆ ನಡೆದಿದೆ, ನಾಳೆ ಸಂಜೆ ಮತ್ತೆ ಮಾಹಿತಿ ಕೊಡುತ್ತೇವೆ’ ಎಂಬ ಒಂದೇ ಸಾಲು ಇದ್ದರೂ ಊಹೆಗೆ ಬೇಲಿ ಬೀಳುತ್ತದೆ. ಆಮೇಲೆ ತಿದ್ದುಪಡಿ ಕಳಿಸುವಾಗ ಮೊದಲ ಪ್ರಕಟಣೆ ಹೋದ ಅದೇ ಗ್ರೂಪ್‌ಗಳಿಗೆ, ಅದೇ ವಿಳಾಸಗಳಿಗೆ ಕಳಿಸಿ. ಶೀರ್ಷಿಕೆಯಲ್ಲಿ ಹಳೆಯ ಪದಗಳೇ ಇರಲಿ: ‘ಹೇರ್ ಡ್ರೈಯರ್ ಸ್ಫೋಟ’ ಎಂದು ಹುಡುಕಿದವರಿಗೆ ಹಳೆಯದರ ಪಕ್ಕದಲ್ಲೇ ಹೊಸದೂ ಸಿಗಬೇಕು.